ತಾರಸಿಯ ಬಿಸಿಲು, ಸರ್ಕಾರದ ಸಹಾಯಧನ: ಲೆಕ್ಕ ನಾವೇ ಹಾಕೋಣ

ಗದಗ, ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವೂ ನೋಡಿರುತ್ತೀರಿ. ಅಂಥದ್ದೇ ಪುಟ್ಟದೊಂದು ನಮ್ಮ ತಾರಸಿಯ ಮೇಲೂ ತಿರುಗಿದರೆ ಕರೆಂಟ್ ಬಿಲ್ಲಿನ ಕಾಟ ತಪ್ಪೀತಲ್ಲ ಅನ್ನಿಸುವುದು ಸಹಜ. ಆದರೆ ಸೋದರಿಯರೇ, ಗಾಳಿಯ ಲೆಕ್ಕವೇ ಬೇರೆ. ವೇಗ ಅರ್ಧಕ್ಕೆ ಇಳಿದರೆ ಸಿಗುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಕ್ಕಪಕ್ಕದ ಮನೆ, ತೆಂಗಿನ ಮರಗಳ ಸಂದಿಯಲ್ಲಿ ತಡವರಿಸಿ ಬರುವ ಗಾಳಿಗೆ ರೆಕ್ಕೆ ಎಷ್ಟು ತಿರುಗೀತು? ಹಿಂದೆ ಕೇಂದ್ರ ಸರ್ಕಾರ ಸಣ್ಣ ಗಾಳಿಯಂತ್ರಕ್ಕೂ ಸಹಾಯಧನ ಕೊಟ್ಟದ್ದುಂಟು. 2024ರ ಫೆಬ್ರವರಿಯಲ್ಲಿ ಬಂದ 'ಪಿ.ಎಂ. ಸೂರ್ಯಘರ್' ಯೋಜನೆಯ ಹಣ ಮಾತ್ರ ಬಿಸಿಲಿನ ಕರೆಂಟಿಗೆ. ಒಂದು ಕೋಟಿ ಮನೆಗಳಿಗೆ ಅಂತ ಅದರ ಗುರಿ.

"ಗೃಹಜ್ಯೋತಿಯಲ್ಲಿ ಹೇಗೂ ಬಿಲ್ಲು ಸೊನ್ನೆ, ಮತ್ತೆ ಸೋಲಾರ್ ಯಾಕೆ?" ಅಂತ ನೀವು ಕೇಳಬಹುದು. ನಿಮ್ಮದು ಸೊನ್ನೆ ಬಿಲ್ಲೇ ಆದರೆ ಅವಸರವಿಲ್ಲ, ಆ ದುಡ್ಡನ್ನು ಮಗಳ ಓದಿಗೆ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು. ತೊಂದರೆ ಇರುವುದು 200 ಯೂನಿಟ್ ದಾಟುವ ಮನೆಗಳಿಗೆ. ದಾಟಿದ ತಿಂಗಳು ಮೇಲಿನ ಹತ್ತಿಪ್ಪತ್ತು ಯೂನಿಟ್ಟಿಗಷ್ಟೇ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜು, ಮಿಕ್ಸಿ, ಬೋರಿನ ಮೋಟಾರು ಅಂತ ನಮ್ಮ ಮನೆಯದು 240ಕ್ಕೆ ಹೋಗತ್ತೆ.

ಈಗ ಹಣದ ಮಾತು. 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿಸಿದರೂ 78,000 ರೂಪಾಯಿ ಸಹಾಯಧನ. ಯೋಜನೆ ಬಂದಾಗ ಸರ್ಕಾರ ಹಿಡಿದ ಖರ್ಚು ಎರಡು ಕಿಲೋವ್ಯಾಟಿಗೆ ಒಂದು ಲಕ್ಷ, ಮೂರಕ್ಕೆ 1,45,000. ಅಂಗಡಿಯವರು ಹೇಳುವ ಬೆಲೆ ಇದಕ್ಕಿಂತ ಹೆಚ್ಚಿದ್ದೀತು, ಎರಡು ಮೂರು ಕಡೆ ವಿಚಾರಿಸಿ. ಒಂದು ಕಿಲೋವ್ಯಾಟಿನಿಂದ ದಿನಕ್ಕೆ ಸುಮಾರು 4 ಯೂನಿಟ್. ಎಂದರೆ ಎರಡರಿಂದ ತಿಂಗಳಿಗೆ 240. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ತಿಂಗಳಿಗೆ 1,440 ಉಳಿತಾಯ, ಕೈಯಿಂದ ಹಾಕಿದ 40,000 ಎರಡೂವರೆ ವರ್ಷದಲ್ಲಿ ವಾಪಸ್ಸು. ನಿಗದಿತ ಶುಲ್ಕ ಅಂತ ಒಂದಿಷ್ಟು ಬಿಲ್ಲಿನಲ್ಲಿ ಉಳಿದೇ ಇರುತ್ತದೆ ಅನ್ನಿ. "ದೊಡ್ಡದೇ ಹಾಕಿಸಿ ಅಮ್ಮಾ, ಮಿಕ್ಕಿದ್ದನ್ನು ಮಾರಬಹುದು" ಎನ್ನುವವರ ಮಾತಿಗೆ ಮರುಳಾಗಬೇಡಿ. ಮಿಕ್ಕಿದ ಕರೆಂಟಿಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ.

ಇನ್ನೊಂದು ವಿಷಯ, ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ. ಅರ್ಜಿ, ಫಲಕ ಕೂರಿಸುವುದು, ಎರಡೂ ಕಡೆ ಲೆಕ್ಕ ಇಡುವ ಹೊಸ ಮೀಟರು, ತಪಾಸಣೆ ಎಲ್ಲ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸಬೇಕು. ಬ್ಯಾಂಕಿನಲ್ಲಿ ಇದಕ್ಕೆಂದೇ ಅಡವಿಲ್ಲದ ಸಾಲವಿದೆ. ಚೀಟಿ ಎತ್ತುವ ಮೊದಲು ಅದನ್ನು ಕೇಳಿ ನೋಡಿ. ಮೀಟರ್ ಯಾರ ಹೆಸರಲ್ಲಿದೆ ಅಂತಲೂ ಈಗಲೇ ನೋಡಿಕೊಳ್ಳಿ. ನಮ್ಮ ಬೀದಿಯ ಒಂದು ಮನೆಯಲ್ಲಿ ತೀರಿಕೊಂಡ ಮಾವನವರ ಹೆಸರೇ ಇತ್ತು. ಖಾತೆ ಬದಲಾಯಿಸಲು ಅಲೆದದ್ದರಲ್ಲೇ ಮೂರು ತಿಂಗಳು ಹೋಯಿತು.

ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಇಡುತ್ತಾರೆ ಅಂದೊಡನೆ ನಮ್ಮತ್ತೆ ಹುಬ್ಬು ಗಂಟಿಕ್ಕಿದರು. ನಮ್ಮ ಕಡೆ ವರ್ಷದ ಹೆಚ್ಚು ದಿನ ಸೂರ್ಯ ಆ ಕಡೆಗೇ ವಾಲಿರುತ್ತಾನೆ, ಏನು ಮಾಡುವುದು? ಎರಡು ಕಿಲೋವ್ಯಾಟಿಗೆ ಇನ್ನೂರು ಚದರ ಅಡಿಯಷ್ಟು ನೆರಳಿಲ್ಲದ ಜಾಗ ಬೇಕು. ನೀರಿನ ತೊಟ್ಟಿಯ ನೆರಳು ಬಿದ್ದರೂ ಕರೆಂಟು ಕಮ್ಮಿಯಾಗತ್ತೆ. ಹಪ್ಪಳ ಸಂಡಿಗೆಗೆ ಒಂದು ಮೂಲೆ ಬಿಡಿಸಿಕೊಂಡೇ ಒಪ್ಪಿಕೊಳ್ಳಿ!

ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆ ಎಂದುಕೊಂಡಿದ್ದೀರಾ? ಬ್ಯಾಟರಿ ಇಲ್ಲದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನಿಗೆ ಶಾಕ್ ಹೊಡೆಯಬಾರದಲ್ಲ! ಹಾಗಾಗಿ ಮನೆಯಲ್ಲಿರುವ ಯು.ಪಿ.ಎಸ್. ಮಾರಿಬಿಡಬೇಡಿ.

ಫಲಕದ ಮೇಲೆ ಧೂಳು ಕೂತರೆ ಬೆಳಗ್ಗೆ ಬಿಸಿಲೇರುವ ಮುಂಚೆ ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಬೋರಿನ ಗಡಸು ನೀರಾದರೆ ಒರೆಸಿಬಿಡಿ, ಇಲ್ಲದಿದ್ದರೆ ಬಿಳಿ ಕಲೆ ಕಟ್ಟುತ್ತದೆ. ಐದು ವರ್ಷ ನೋಡಿಕೊಳ್ಳುವ ಹೊಣೆ ಕೂರಿಸಿದವರದೇ. ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿಡಿ.