ಹೊಸ ಹುಲ್ಲುಹಾಸಿಗೆ ನೀರು ಎಷ್ಟು, ಯಾವಾಗ?

ಪಲ್ಲಾವರಂ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ ಮನೆಯ ಮುಂದೆ ಒಂದಿಷ್ಟು ಹಸುರು ಇರಬೇಕೆಂಬ ಆಸೆಯುಂಟು. ಬೆಂಗಳೂರು, ಮೈಸೂರುಗಳ ತೋಟಗಳನ್ನು ನೋಡಿ ಬೆಳೆದ ಕಣ್ಣಿಗೆ ಸಿಮೆಂಟಿನ ಅಂಗಳ ಒಗ್ಗದಿರುವುದು ಸಹಜವೇ. ಆದಕಾರಣ ಬೇರುಮಣ್ಣಿನ ಸಹಿತ ಕತ್ತರಿಸಿದ ಹುಲ್ಲುಚಾಪೆಗಳನ್ನು ನರ್ಸರಿಯಿಂದ ತರಿಸಿ ಹಾಸುತ್ತಾರೆ. ಹಾಸಿದ ದಿನ ಅದು ಪಚ್ಚೆಯಂತೆ ಹೊಳೆಯುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದೋ ಒಣಗಿ ಹುರಿಯಾಗುತ್ತದೆ, ಇಲ್ಲವೆ ಕೊಳೆತು ನಾರುತ್ತದೆ. ನಾವು ಈ ಎರಡು ಗತಿಗಳನ್ನೂ ಕಂಡವರು. ಬೆಂಗಳೂರಿನ ಅಭ್ಯಾಸದಂತೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಳವೆ ಹಿಡಿದು ನಿಂತದ್ದೇ ನಮ್ಮ ತಪ್ಪಾಗಿತ್ತು.

ಮೊದಲು ನೆಲದ ಗುಣವನ್ನು ತಿಳಿಯಬೇಕು. ಪಲ್ಲಾವರಂ ಗುಡ್ಡದ ಸುತ್ತ ಹಲವೆಡೆ ಇರುವುದು ಕೆಂಪು ಜಂಬಿಟ್ಟಿಗೆಯ ಜಲ್ಲಿನೆಲ. 1863ನೆಯ ಇಸವಿ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹಳೆಯ ಶಿಲಾಯುಗದ ಆಯುಧವನ್ನು ಕಂಡದ್ದು ಇಂತಹ ಜಲ್ಲಿಯಲ್ಲಿಯೇ. ಇತಿಹಾಸಕ್ಕೆ ಕೀರ್ತಿ ತಂದ ಈ ನೆಲ ತೋಟಗಾರನಿಗೆ ಅಷ್ಟು ಉಪಕಾರಿಯಲ್ಲ. ಹೊಯ್ದ ನೀರು ನಿಲ್ಲದೆ ಇಳಿದುಹೋಗುತ್ತದೆ. ಆದುದರಿಂದ ಹುಲ್ಲು ತರುವ ಮೊದಲೇ ನಾಲ್ಕೈದು ಅಂಗುಲದಷ್ಟು ಒಳ್ಳೆಯ ಮಣ್ಣನ್ನೂ ಹಳೆಯ ಗೊಬ್ಬರವನ್ನೂ ಹರಡಿ, ಮಟ್ಟಮಾಡಿ, ತೇವಗೊಳಿಸಿರಬೇಕು.

ಕತ್ತರಿಸಿ ತಂದ ಹುಲ್ಲಿಗೆ ಬೇರು ಒಂದಂಗುಲವೂ ಇರುವುದಿಲ್ಲ. ಅಡಿಯ ಮಣ್ಣಿನಲ್ಲಿ ಎಷ್ಟು ನೀರಿದ್ದರೂ ಅದನ್ನು ಮುಟ್ಟುವ ಶಕ್ತಿ ಅದಕ್ಕಿಲ್ಲ. ಎಳೆಗೂಸಿಗೆ ಹಾಲುಣಿಸುವಂತೆ ಸ್ವಲ್ಪಸ್ವಲ್ಪವಾಗಿ, ಮತ್ತೆಮತ್ತೆ ಕೊಡಬೇಕಾಗುತ್ತದೆ. ಹಾಸಿ ಅರ್ಧ ಗಂಟೆಯೊಳಗೆ ಮೊದಲ ನೀರು ಬೀಳಬೇಕು. ಅದು ಚಾಪೆಯನ್ನು ದಾಟಿ ಅಡಿಯ ಮಣ್ಣನ್ನು ಮೂರು ನಾಲ್ಕು ಅಂಗುಲ ನೆನೆಸಬೇಕು. ಚಾಪೆಯ ಮೂಲೆಯನ್ನು ಮೆಲ್ಲನೆ ಎತ್ತಿ ಬೆರಳಿನಿಂದ ಮುಟ್ಟಿದರೆ ನೆನೆದಿದೆಯೋ ಇಲ್ಲವೋ ತಿಳಿಯುತ್ತದೆ. ಅಂಚುಗಳೂ ಕೂಡುಗೆರೆಗಳೂ ಎಲ್ಲಕ್ಕಿಂತ ಮೊದಲು ಒಣಗುವುದರಿಂದ ಅಲ್ಲಿ ಹೆಚ್ಚು ಗಮನವಿರಲಿ.

ಮುಂದಿನ ಹತ್ತು ಹದಿನಾಲ್ಕು ದಿನ ಬೆಳಗ್ಗೆ ಬಿಸಿಲೇರುವ ಮುನ್ನ ಒಮ್ಮೆ, ನಡುಹಗಲು ಒಮ್ಮೆ, ಬಿಸಿಲು ತೀವ್ರವಾಗಿದ್ದರೆ ನಾಲ್ಕು ಗಂಟೆಯೊಳಗೆ ಮತ್ತೊಮ್ಮೆ ಹಗುರವಾಗಿ ಚಿಮುಕಿಸಬೇಕು. ನಡುಹಗಲಿನ ನೀರಿನಿಂದ ಹುಲ್ಲು ಬೆಂದುಹೋಗುತ್ತದೆಂಬ ನಂಬಿಕೆ ಸರಿಯಲ್ಲ. ಹನಿಗಳು ಎಲೆಯನ್ನು ಸುಡುವುದಿಲ್ಲ. ಸುಡುವುದು ಬಿಸಿಲಿನಲ್ಲಿ ಬಿದ್ದಿರುವ ಕೊಳವೆಯೊಳಗಿನ ಕಾದ ನೀರು. ಅದನ್ನು ಮೊದಲು ಬಕೆಟ್ಟಿಗೆ ಬಿಟ್ಟು, ತಣ್ಣೀರು ಬಂದ ಮೇಲೆ ಹುಲ್ಲಿಗೆ ತಿರುಗಿಸಿದರೆ ಸಾಕು.

ಸಂಜೆಯ ನೀರು ಮಾತ್ರ ಇಲ್ಲಿ ಸಲ್ಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಬೇಸಗೆಯ ಗಾಳಿ ಒಣಗಾಳಿ, ರಾತ್ರಿ ತಂಪು. ಪಲ್ಲಾವರಂನಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ಕಡಲಿನ ತೇವ. ಸಂಜೆ ಒದ್ದೆಯಾದ ಎಲೆ ಬೆಳಗಿನವರೆಗೂ ಆರುವುದಿಲ್ಲ. ಬೂಷ್ಟಿಗೆ ಬೇಕಾದುದು ಇದೇ ಶಾಖ, ಇದೇ ತೇವ. ಮುಂಜಾನೆ ಹುಲ್ಲಿನ ಮೇಲೆ ಹತ್ತಿಯಂತಹ ಬಿಳಿಯ ಎಳೆಗಳು, ಬಳಿಕ ದುಂಡನೆಯ ಕಂದು ಮಚ್ಚೆಗಳು ಕಂಡರೆ ರೋಗ ಹಿಡಿಯಿತೆಂದು ತಿಳಿಯಬೇಕು. ಆ ಕಂದುಬಣ್ಣವನ್ನು ಬಾಯಾರಿಕೆಯೆಂದು ಭ್ರಮಿಸಿ ನಾವು ಇನ್ನಷ್ಟು ನೀರು ಹೊಯ್ದೆವು. ಹುಲ್ಲು ಪೂರ್ತಿ ಹೋಯಿತು. ನಿಜವಾಗಿ ಬಾಯಾರಿದ ಹುಲ್ಲು ಮೊದಲು ಬೂದುನೀಲಿಗೆ ತಿರುಗುತ್ತದೆ. ಅದರ ಮೇಲೆ ನಡೆದರೆ ಹೆಜ್ಜೆಯ ಗುರುತು ಹಾಗೆಯೇ ಉಳಿಯುತ್ತದೆ.

ಎರಡು ವಾರದ ಮೇಲೆ ಚಾಪೆಯನ್ನು ಹಗುರವಾಗಿ ಎಳೆದು ನೋಡಬೇಕು. ಮೇಲೆ ಬಾರದೆ ಬಿಗಿಹಿಡಿದರೆ ಬೇರೂರಿದೆಯೆಂದು ಅರ್ಥ. ಅಂದಿನಿಂದ ಕ್ರಮವೇ ತಿರುಗುಮುರುಗು: ದಿನಬಿಟ್ಟು ದಿನ, ಅನಂತರ ವಾರಕ್ಕೆರಡು ಸಲ, ಆದರೆ ಪ್ರತಿಸಲವೂ ಆಳವಾಗಿ ಇಳಿಯುವಂತೆ. ಮೇಲೆಯೇ ನೀರು ಸಿಗುತ್ತಿದ್ದರೆ ಬೇರು ಕೆಳಗಿಳಿಯುವ ಗೋಜಿಗೆ ಹೋಗುವುದಿಲ್ಲ.

ಇನ್ನು ಲೆಕ್ಕದ ಮಾತು. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಹಾಸಿಗೆ ದಿನಕ್ಕೆ 6 ಮಿಲಿಮೀಟರಿನಂತೆ ನೀರು ಕೊಟ್ಟರೆ ಸುಮಾರು 110 ಲೀಟರು, ಎಂದರೆ ಏಳೆಂಟು ಕೊಡ ಬೇಕು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅಂತೂ ಆ ಎರಡು ವಾರ ಮನೆಗೆ ಮತ್ತೊಬ್ಬ ಅತಿಥಿ ಬಂದಂತೆಯೇ. 2019ರ ಬೇಸಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿ, ಟ್ಯಾಂಕರಿನ ಮುಂದೆ ಕೊಡಗಳ ಸಾಲು ನಿಂತುದನ್ನು ಇಲ್ಲಿಯ ಯಾರೂ ಮರೆತಿಲ್ಲ. ತವರಿನಲ್ಲಿಯೂ 2024ರ ಮಾರ್ಚಿಯಲ್ಲಿ, ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಇಂತಹ ಕಾಲದಲ್ಲಿ ಟ್ಯಾಂಕರಿನ ನೀರನ್ನು ಹುಲ್ಲಿಗೆ ಸುರಿಯುವುದು ಮರ್ಯಾದೆಯೆನಿಸದು.

ಆದರೆ ಆಸೆಯನ್ನು ಬಿಡಬೇಕಾಗಿಲ್ಲ. ಕಾಲವನ್ನು ನೋಡಿ ಹಾಸಬೇಕು. ಅಗ್ನಿನಕ್ಷತ್ರದ ಮೇ ತಿಂಗಳು ಬೇಡವೇ ಬೇಡ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಜಡಿಮಳೆಯಲ್ಲಿ ಬೇರೂರದ ಹಾಸು ತೇಲಿಹೋಗುತ್ತದೆ. ಸಂಜೆಯ ಗುಡುಗುಮಳೆಗಳು ಆಗಾಗ ಬೀಳುವ ಜುಲೈ, ಆಗಸ್ಟ್ ತಿಂಗಳುಗಳೇ ಅನುಕೂಲ. ಅರ್ಧ ಕೆಲಸವನ್ನು ಆಕಾಶವೇ ಮಾಡುತ್ತದೆ, ದೊಡ್ಡ ಮಳೆಗೆ ಮೊದಲೇ ಹುಲ್ಲು ನೆಲವನ್ನು ಹಿಡಿದಿರುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು, ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರು ಇವುಗಳನ್ನು ಕೂಡಿಡಬಹುದು. ಸೋಪಿನ ನೀರನ್ನೂ, ನೀರು ಶುದ್ಧಮಾಡುವ ಯಂತ್ರ ಹೊರಬಿಡುವ ಉಪ್ಪುನೀರನ್ನೂ ಎಳೆಹುಲ್ಲಿಗೆ ಹಾಕಬಾರದು. ಕೊಳವೆಬಾವಿಯ ನೀರು ನಾಲಿಗೆಗೆ ಉಪ್ಪೆನಿಸಿದರೆ ಹುಲ್ಲಿಗೂ ಅದು ಉಪ್ಪೇ. ಎಲ್ಲಕ್ಕೂ ಮಿಗಿಲಾಗಿ, ಕೂಡಿಟ್ಟ ನೀರು ಎಷ್ಟು ನೆಲಕ್ಕೆ ಸಾಕೋ ಅಷ್ಟೇ ನೆಲಕ್ಕೆ ಹುಲ್ಲು ಹಾಸುವುದು ವಿವೇಕ.

ಆಲದಂತೆ ಹಬ್ಬಿ, ಗರಿಕೆಯಂತೆ ಬೇರೂರಿ ಬಾಳಿರೆಂದು ತಮಿಳರು ವಧೂವರರನ್ನು ಹರಸುವುದುಂಟು. ನಾವು ಗಣಪತಿಗೆ ಏರಿಸುವ ಗರಿಕೆಯೂ ಅದೇ. ಈ ಊರಿನ ಬಿಸಿಲಿಗೆ ಎಲ್ಲಕ್ಕಿಂತ ಚೆನ್ನಾಗಿ ತಾಳುವ ಹುಲ್ಲುಗಳಲ್ಲಿ ಅದೂ ಒಂದು. ಮುಂದಿನ ಜುಲೈಯಲ್ಲಿ ನಾವು ಮತ್ತೆ ಹಾಸುವವರಿದ್ದೇವೆ. ಈ ಸಲ ಹತ್ತಡಿಗೆ ಹತ್ತಡಿ ಮಾತ್ರ, ಗರಿಕೆಯನ್ನೇ, ಬೆಳಗಿನ ನೀರಿನಲ್ಲಿ.