ಹಳೆಯ ಟ್ರ್ಯಾಕ್ಟರಿನ ಇಂಜಿನು ಮಿತಿಮೀರಿ ಕಾಯುವುದಕ್ಕೆ ಕಾರಣಗಳೂ ಅವನ್ನು ಗುರುತಿಸುವ ಕ್ರಮವೂ

ಮಂಗಳೂರು ನಗರದ ಸುತ್ತಲಿನ ಗುರುಪುರ, ಅಡ್ಯಾರು, ಹರೇಕಳ, ಮರವೂರು ಮೊದಲಾದ ಗ್ರಾಮಗಳಲ್ಲಿ ಏಣೆಲು ಬೆಳೆಯ ಉಳುಮೆಗೆ ದೊರೆಯುವ ಕಾಲವು ಬಹು ಸ್ವಲ್ಪ. ಮುಂಗಾರು ಹಿಡಿದೊಡನೆ ಗದ್ದೆಯು ಹದಕ್ಕೆ ಬರಬೇಕು. ನೇಜಿಯು ಬಲಿತುಹೋಗುವುದರೊಳಗಾಗಿ ನಾಟಿಯು ಮುಗಿಯಬೇಕು. ಇಂಥ ವೇಳೆಯಲ್ಲಿ ಊರಿಗೆಲ್ಲ ಉಳುವ ಒಂದು ಹಳೆಯ ಟ್ರ್ಯಾಕ್ಟರು ಕಾದು ನಿಂತರೆ, ನಷ್ಟವು ಅದರ ಯಜಮಾನನೊಬ್ಬನದೇ ಅಲ್ಲ. ಸರದಿ ಕಾದಿರುವ ಹತ್ತು ಮನೆಗಳದೂ ಹೌದು. ಇಂಜಿನು ಕಾಯುವುದು ಒಂದೇ ದಿನದಲ್ಲಿ ಹುಟ್ಟುವ ರೋಗವಲ್ಲ. ಅದು ಮೊದಲೇ ಗುರುತುಗಳನ್ನು ತೋರಿಸುವುದು. ಆ ಗುರುತುಗಳನ್ನು ಕ್ರಮವಾಗಿ ನೋಡಬಲ್ಲವರಿಗೆ ಬಹುಮಟ್ಟಿನ ತೊಂದರೆಗಳು ಅಲ್ಪ ವೆಚ್ಚದಲ್ಲಿ ಪರಿಹಾರವಾಗುವುವು.

1. ಶಾಖವು ಹೊರಗೆ ಹೋಗುವ ಮಾರ್ಗ

ಡೀಸೆಲ್ ಇಂಜಿನಿನಲ್ಲಿ ಉರಿಯುವ ಎಣ್ಣೆಯ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಒದಗುವುದು. ಮತ್ತೊಂದು ಪಾಲು ಹೊಗೆಯೊಡನೆ ಹೊರಟುಹೋಗುವುದು. ಉಳಿದುದರಲ್ಲಿ ಹೆಚ್ಚಿನದನ್ನು ಸಿಲಿಂಡರುಗಳ ಸುತ್ತಲೂ ತಿರುಗುವ ನೀರು ಹೊತ್ತು ತಂದು, ರೇಡಿಯೇಟರಿನ ಸಣ್ಣ ಕೊಳವೆಗಳ ಮೂಲಕ ಗಾಳಿಗೆ ಬಿಡಬೇಕು. ನೀರನ್ನು ತಿರುಗಿಸಲು ಪಂಪು, ಗಾಳಿಯನ್ನು ಎಳೆಯಲು ಫ್ಯಾನು, ಇವೆರಡನ್ನೂ ನಡೆಸಲು ಬೆಲ್ಟು, ನೀರಿನ ಹರಿವನ್ನು ಹತೋಟಿಯಲ್ಲಿಡಲು ಥರ್ಮೋಸ್ಟಾಟು, ಒತ್ತಡವನ್ನು ಹಿಡಿಯಲು ಮುಚ್ಚಳ, ಇಷ್ಟೇ ಅದರ ಅಂಗಗಳು. ಇವುಗಳಲ್ಲಿ ಒಂದು ಕೆಟ್ಟರೂ ಶಾಖವು ಒಳಗೇ ನಿಲ್ಲುವುದು.

ಹಳೆಯ ಐಶರ್ ಟ್ರ್ಯಾಕ್ಟರುಗಳಲ್ಲಿ ಅನೇಕವು ಗಾಳಿಯಿಂದಲೇ ತಣಿಯುವಂಥವು. ಅವುಗಳಿಗೆ ರೇಡಿಯೇಟರಿಲ್ಲ, ಸಿಲಿಂಡರಿನ ಮೇಲಣ ಲೋಹದ ರೆಕ್ಕೆಗಳ ನಡುವಿನ ಕೊಳೆಯನ್ನೂ ಗಾಳಿ ಹಾಯುವ ತಗಡಿನ ಕವಚವನ್ನೂ ನೋಡಿಕೊಂಡರೆ ಸಾಕು.

2. ಮುಳ್ಳು ಕೆಂಪಿಗೆ ಏರಿದಾಗ ಮಾಡತಕ್ಕದ್ದು

ಮೊದಲು ನೇಗಿಲನ್ನೋ ರೋಟವೇಟರನ್ನೋ ಎತ್ತಿ ಇಂಜಿನಿನ ಹೊರೆಯನ್ನು ಇಳಿಸತಕ್ಕದ್ದು. ನೀರು ಚೆಲ್ಲಿಹೋಗದೆ, ಎಣ್ಣೆಯ ಒತ್ತಡವು ಸರಿಯಾಗಿದ್ದರೆ, ಇಂಜಿನನ್ನು ಕೆಲವು ನಿಮಿಷ ನಿಧಾನವಾಗಿ ಓಡಲು ಬಿಡುವುದು ಮೇಲು. ಒಮ್ಮೆಲೇ ನಿಲ್ಲಿಸಿದರೆ ನೀರಿನ ತಿರುಗಾಟವು ನಿಂತು ಒಳಗಿನ ಶಾಖವು ಮತ್ತಷ್ಟು ಏರುವುದು. ಆದರೆ ನೀರು ಸೋರಿಹೋಗಿದ್ದರೆ, ಬೆಲ್ಟು ಕಡಿದಿದ್ದರೆ, ಅಥವಾ ಎಣ್ಣೆಯ ಒತ್ತಡವು ಬಿದ್ದಿದ್ದರೆ ತತ್‌ಕ್ಷಣವೇ ನಿಲ್ಲಿಸಬೇಕು.

ಕಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಮಂಗಳೂರು ಸಮುದ್ರಮಟ್ಟದ ಊರಾದುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಮುಚ್ಚಳವು ಚದರ ಅಂಗುಲಕ್ಕೆ 7 ಪೌಂಡಿನ ಒತ್ತಡವನ್ನು ಹಿಡಿದಿದ್ದರೆ ಅದೇ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದೆ ಇರಬಲ್ಲುದು. ಮುಚ್ಚಳವನ್ನು ತೆಗೆದೊಡನೆ ಒತ್ತಡವು ಹೋಗಿ, ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೂ ಕೈಗಳಿಗೂ ಎರಚುವುದು. ಆದಕಾರಣ ಅರ್ಧ ಗಂಟೆಯಾದರೂ ಕಾದು, ದಪ್ಪನೆಯ ಗೋಣಿಯನ್ನು ಮುಚ್ಚಳದ ಮೇಲೆ ಹೊದಿಸಿ, ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ, ಆವಿಯೆಲ್ಲ ಹೋದ ಮೇಲೆ ತೆಗೆಯತಕ್ಕದ್ದು. ಕಾದ ಇಂಜಿನಿಗೆ ಗದ್ದೆಯ ತಣ್ಣೀರನ್ನು ಹೊಯ್ಯುವುದರಿಂದ ಹೆಡ್ಡು ಬಿರಿಯುವ ಸಂಭವವುಂಟು.

3. ಯಾವಾಗ ಕಾಯುವುದೆಂಬುದನ್ನು ಮೊದಲು ಗಮನಿಸುವುದು

ಕೈಯಲ್ಲಿ ಪಾನು ಹಿಡಿಯುವ ಮುಂಚೆ ಈ ವಿಷಯವನ್ನು ಚಾಲಕನಿಂದ ಕೇಳಿ ತಿಳಿಯಬೇಕು.

(ಅ) ತಣ್ಣಗಿದ್ದ ಇಂಜಿನು ಹೊರಟ ಕೆಲವೇ ನಿಮಿಷಗಳಲ್ಲಿ ಕಾದರೆ, ನೀರಿನ ಕೊರತೆ, ಥರ್ಮೋಸ್ಟಾಟು ತೆರೆಯದಿರುವುದು, ಅಥವಾ ಹೆಡ್ ಗ್ಯಾಸ್ಕೆಟು ಸುಟ್ಟಿರುವುದು ಕಾರಣವಾಗಿರಬಹುದು.

(ಆ) ಬರಿದಾಗಿ ಓಡುವಾಗ ಸರಿಯಾಗಿದ್ದು, ಹೊರೆ ಬಿದ್ದಾಗ ಮಾತ್ರ ಕ್ರಮೇಣ ಕಾದರೆ, ರೇಡಿಯೇಟರು ಒಳಗಾಗಲಿ ಹೊರಗಾಗಲಿ ಕಟ್ಟಿಕೊಂಡಿದೆಯೆಂದು, ಇಲ್ಲವೆ ಬೆಲ್ಟು ಜಾರುತ್ತಿದೆಯೆಂದು ಊಹಿಸಬಹುದು.

(ಇ) ಮಜಲು ಬೆಟ್ಟುಗಳಲ್ಲಿ ಕಾಯದೆ ಬೈಲುಗದ್ದೆಯ ಆಳವಾದ ಕೆಸರಿನಲ್ಲಿ ಮಾತ್ರ ಕಾದರೆ, ಹೊರೆಯೇ ಹೆಚ್ಚಾಗಿರಬಹುದು. ಗೇರನ್ನು ಇಳಿಸಿ ಪರೀಕ್ಷಿಸತಕ್ಕದ್ದು.

(ಈ) ನೀರೂ ಸರಿಯಾಗಿದ್ದು, ಆವಿಯೂ ಇಲ್ಲದೆ, ಮುಳ್ಳು ಮಾತ್ರ ಏರಿದ್ದರೆ ಮಾಪಕವೇ ಕೆಟ್ಟಿರಬಹುದು. ಇದಕ್ಕೆ ವಿರುದ್ಧವಾಗಿ, ನೀರು ಪೂರ್ತಿ ಖಾಲಿಯಾದಾಗ ಮಾಪಕದ ತುದಿಯು ಗಾಳಿಯಲ್ಲಿ ನಿಂತು, ಮುಳ್ಳು ಕೆಳಗಿರುವುದೂ ಉಂಟು. ಆದುದರಿಂದ ಮುಳ್ಳೊಂದನ್ನೇ ನಂಬಕೂಡದು.

4. ಪರೀಕ್ಷಿಸುವ ಕ್ರಮ

ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಷ್ಟಕ್ಕೆ ಹೋಗುವುದೇ ನಿಯಮ.

ನೀರು: ಮಟ್ಟವು ಇಳಿದಿದ್ದರೆ ಎಲ್ಲಿಗೆ ಹೋಯಿತೆಂದು ಹುಡುಕಬೇಕು. ಹೋಸು ಪೈಪಿನ ಕಟ್ಟುಗಳು, ಪಂಪಿನ ಕೆಳಗಿನ ಸಣ್ಣ ರಂಧ್ರ, ನೀರು ಬಿಡುವ ನಲ್ಲಿ ಇವುಗಳಲ್ಲಿ ಒದ್ದೆಯನ್ನಾಗಲಿ ತುಕ್ಕಿನ ಗೆರೆಯನ್ನಾಗಲಿ ನೋಡತಕ್ಕದ್ದು.

ರೇಡಿಯೇಟರಿನ ಹೊರಮೈ: ಕೆಸರು, ಬೈಹುಲ್ಲಿನ ಚೂರು, ಹೊಟ್ಟು ಇವು ತಗಡುಗಳ ನಡುವೆ ಸೇರಿ ಗಾಳಿಯನ್ನು ತಡೆಯುವುವು. ಇಂಜಿನಿನ ಕಡೆಯಿಂದ ಮುಂದಕ್ಕೆ, ಗಾಳಿ ಬರುವ ದಿಕ್ಕಿಗೆ ಎದುರಾಗಿ, ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ರಭಸವಾಗಿ ಹೊಡೆದರೆ ತಗಡುಗಳು ಮಡಚಿಕೊಳ್ಳುವುವು.

ಬೆಲ್ಟು: ಇಂಜಿನು ನಿಂತಿರುವಾಗ ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಹೆಚ್ಚು ಬಗ್ಗಿದರೆ ಬಿಗಿ ಮಾಡತಕ್ಕದ್ದು. ಬದಿಗಳು ಹೊಳಪಾಗಿದ್ದರೆ, ಅಥವಾ ಎಣ್ಣೆ ತಾಗಿದ್ದರೆ, ಬೆಲ್ಟು ಜಾರುತ್ತಿರುವುದು ಖಂಡಿತ.

ಕೆಳಗಿನ ಹೋಸು: ಹಳತಾಗಿ ಮೆತ್ತಗಾದ ಹೋಸು ಪೈಪು, ಇಂಜಿನು ವೇಗವಾಗಿ ಓಡುವಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗಿ ದಾರಿಯನ್ನು ಮುಚ್ಚುವುದು, ನಿಂತಾಗ ಮೊದಲಿನಂತಾಗುವುದು. ಆದಕಾರಣ ಇಂಜಿನು ಓಡುತ್ತಿರುವಾಗಲೇ, ಫ್ಯಾನಿನಿಂದ ದೂರ ನಿಂತು, ಕಣ್ಣಿನಿಂದ ನೋಡಬೇಕು.

ಥರ್ಮೋಸ್ಟಾಟು: ಇಂಜಿನು ಕಾದರೂ ಮೇಲಿನ ಹೋಸು ತಣ್ಣಗೇ ಇದ್ದರೆ ಇದರ ಮೇಲೆ ಸಂಶಯಪಡಬೇಕು. ಬಿಚ್ಚಿ, ನೀರಿರುವ ಪಾತ್ರೆಯಲ್ಲಿ ದಾರದಿಂದ ತೂಗಿಬಿಟ್ಟು, ಉಷ್ಣಮಾಪಕದೊಡನೆ ಕಾಯಿಸಿದರೆ, ಅದರ ಮೇಲೆ ಕೊರೆದಿರುವ ಡಿಗ್ರಿಯ ಸುಮಾರಿಗೆ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದನ್ನು ಹಾಕಬೇಕು. ಅದನ್ನು ಶಾಶ್ವತವಾಗಿ ತೆಗೆದುಬಿಡುವ ರೂಢಿಯು ಸರಿಯಲ್ಲ. ಇಂಜಿನು ತಕ್ಕಷ್ಟು ಬೆಚ್ಚಗಾಗದೆ ಸವೆತವೂ ಎಣ್ಣೆಯ ಖರ್ಚೂ ಹೆಚ್ಚುವುವು.

ರೇಡಿಯೇಟರಿನ ಒಳಮೈ: ಇಂಜಿನನ್ನು ನಿಲ್ಲಿಸಿ, ಕೈ ತಾಳುವಷ್ಟು ಆರಿದ ಮೇಲೆ, ಮುಂಭಾಗವನ್ನು ಮುಟ್ಟಿ ನೋಡಿದರೆ, ಕಟ್ಟಿಕೊಂಡ ಕೊಳವೆಗಳಿರುವ ಸ್ಥಳವು ಉಳಿದುದಕ್ಕಿಂತ ತಣ್ಣಗಿರುವುದು.

ಹೆಡ್ ಗ್ಯಾಸ್ಕೆಟು: ತಣ್ಣಗಿರುವ ಇಂಜಿನಿನ ಮುಚ್ಚಳವನ್ನು ತೆಗೆದು ಓಡಿಸಿದಾಗ, ಕೂಡಲೇ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಅದು ಸಿಲಿಂಡರಿನ ಅನಿಲ. ಇಂಜಿನ್ ಎಣ್ಣೆಯು ಹಾಲುಬೆರೆತಂತೆ ಕಂಡರೆ ನೀರು ಅದರೊಳಗೆ ಇಳಿದಿದೆ. ಇವೆರಡರಲ್ಲಿ ಯಾವುದು ಕಂಡರೂ ಟ್ರ್ಯಾಕ್ಟರನ್ನು ಮತ್ತೆ ಓಡಿಸದೆ ಬಲ್ಲ ಮೆಕ್ಯಾನಿಕನಿಗೆ ಒಪ್ಪಿಸತಕ್ಕದ್ದು.

ಇವೆಲ್ಲವೂ ಸರಿಯಾಗಿದ್ದು ಇನ್ನೂ ಕಾಯುತ್ತಿದ್ದರೆ, ಪಂಪಿನ ಒಳಗಿನ ಚಕ್ರವು ಸವೆದಿರುವುದನ್ನೂ, ಎಣ್ಣೆ ಚಿಮ್ಮುವ ಕಾಲವು ತಪ್ಪಿರುವುದನ್ನೂ, ಬ್ರೇಕು ಹಿಡಿದುಕೊಂಡಿರುವುದನ್ನೂ ವಿಚಾರಿಸಬೇಕು.

5. ಕರಾವಳಿಯ ನೀರಿನ ವಿಶೇಷ

ಬೇಸಗೆಯಲ್ಲಿ ನೇತ್ರಾವತಿ, ಫಲ್ಗುಣಿ ನದಿಗಳ ಕೆಳಭಾಗಕ್ಕೆ ಸಮುದ್ರದ ಉಬ್ಬರದೊಡನೆ ಉಪ್ಪುನೀರು ಏರುವುದು. ದಡದ ಬಾವಿಗಳಿಗೂ ಅದು ಸೇರುವುದುಂಟು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದರಿಂದ, ಅದರ ಸ್ವಲ್ಪ ಭಾಗವು ಬೆರೆತರೂ ಪಂಪನ್ನೂ ರೇಡಿಯೇಟರನ್ನೂ ಕೊರೆಯುವುದು. ಮುರಕಲ್ಲಿನ ನೆಲದ ಬಾವಿನೀರು ನಾಲಗೆಗೆ ಸಿಹಿಯಾದರೂ ಅನೇಕ ಕಡೆ ಸ್ವಲ್ಪ ಹುಳಿಯ ಗುಣವುಳ್ಳದ್ದು; ಅದು ಗಸಿಯನ್ನು ಕಟ್ಟದಿದ್ದರೂ ಕಬ್ಬಿಣವನ್ನು ತಿನ್ನುವುದು. ಘಟ್ಟದ ಮೇಲಿನ ಬಯಲುಸೀಮೆಯಿಂದ ಕೊಂಡುತಂದ ಹಳೆಯ ಟ್ರ್ಯಾಕ್ಟರಿನಲ್ಲಾದರೋ, ಅಲ್ಲಿಯ ಗಡಸುನೀರಿನ ಸುಣ್ಣದ ಗಸಿಯು ಮೊದಲೇ ಕಟ್ಟಿರಬಹುದು. ಕೊಳ್ಳುವ ಮುಂಚೆ ಮುಚ್ಚಳ ತೆಗೆದು ನೋಡತಕ್ಕದ್ದು.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಜಿಲ್ಲೆಯಲ್ಲಿ ಒಳ್ಳೆಯ ನೀರಿಗೆ ಕೊರತೆಯಿಲ್ಲ. ಮೊದಲ ಮಳೆಗಳಿಂದ ಹಂಚು ತೊಳೆದುಹೋದ ಮೇಲೆ, ಮಾಡಿನ ನೀರನ್ನು ಶುಭ್ರವಾದ ಪಾತ್ರೆಯಲ್ಲಿ ಹಿಡಿದು ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡು, ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲೆಂಟನ್ನು ಬೆರೆಸಿ ಉಪಯೋಗಿಸಬಹುದು.

6. ಒಂದು ದೃಷ್ಟಾಂತ

ಬೈಲುಗದ್ದೆಯಲ್ಲಿ ಉಳುವ ಟ್ರ್ಯಾಕ್ಟರೊಂದು ದಿನಕ್ಕೆ ಮೂರು ಸಲ ಕಾಯುತ್ತದೆಂದು ಭಾವಿಸಿರಿ. ಸರದಿಯವರ ಅವಸರಕ್ಕಾಗಿ ಚಾಲಕನು ಪ್ರತಿಸಲವೂ ನೀರು ತುಂಬಿ ಮುಂದುವರಿಸುತ್ತಾನೆ. ಮೂರನೆಯ ದಿನ ಹೆಡ್ಡು ಬಾಗಿ, ಗ್ಯಾಸ್ಕೆಟು ಸುಟ್ಟು, ನೀರು ಎಣ್ಣೆಗೆ ಇಳಿಯುವುದು. ಬಿಚ್ಚಿ ನೋಡಿದರೆ ಮೂಲಕಾರಣವು ರೇಡಿಯೇಟರಿನ ಮುಂದೆ ಅಂಟಿದ್ದ ಒಂದು ಬುಟ್ಟಿ ಕೆಸರುಹುಲ್ಲು. ಅರ್ಧ ಗಂಟೆಯ ತೊಳೆತವನ್ನು ಉಳಿಸಹೋಗಿ ನಾಟಿಯ ಕಾಲವನ್ನೇ ಕಳೆದುಕೊಂಡಂತಾಯಿತು. ಪಿಂಜೋರಿನ ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವು ತೀರ್ಮಾನಿಸಿತು. ಹೀಗೆ ತಯಾರಿಕೆ ನಿಂತ ಯಂತ್ರಗಳ ಬಿಡಿಭಾಗಗಳಿಗೆ ಹುಡುಕಾಡಬೇಕಾಗುವುದರಿಂದ, ಅವುಗಳ ಯಜಮಾನರು ಇನ್ನೂ ಹೆಚ್ಚಿನ ಜಾಗ್ರತೆಯಿಂದಿರಬೇಕು.

7. ಗ್ರಾಮದ ಮುಖಂಡರಿಗೆ ಸೂಚನೆ

ಪ್ರತಿ ವರ್ಷವೂ ಪತ್ತನಾಜೆಯ ಮುಂಚೆ, ಊರಿನ ಟ್ರ್ಯಾಕ್ಟರುಗಳ ನೀರು, ಬೆಲ್ಟು, ಹೋಸು, ಮುಚ್ಚಳ ಈ ನಾಲ್ಕನ್ನಾದರೂ ಪರೀಕ್ಷೆ ಮಾಡಿಸತಕ್ಕದ್ದು. ಉಳುಮೆಯ ದಿನಗಳಲ್ಲಿ ಬೆಳಗ್ಗೆ ನೀರನ್ನು ನೋಡುವುದನ್ನೂ, ಮಧ್ಯಾಹ್ನದ ಊಟದ ಹೊತ್ತಿಗೆ ರೇಡಿಯೇಟರಿನ ಮುಖವನ್ನು ಶುಚಿಮಾಡುವುದನ್ನೂ ಕಟ್ಟುನಿಟ್ಟು ಮಾಡಬೇಕು. ಮುಳ್ಳು ಏರಿದಾಗ ಚಾಲಕನು ಯಂತ್ರವನ್ನು ನಿಲ್ಲಿಸಿದರೆ ಅವನನ್ನು ಸರದಿಯವರು ಗದರಿಸದಂತೆ ನೋಡಿಕೊಳ್ಳುವುದೂ ಮುಖಂಡರ ಕರ್ತವ್ಯವೇ. ಆ ಅರ್ಧ ಗಂಟೆಯ ತಾಳ್ಮೆಯಿಂದ ಊರಿನ ನಾಟಿಯು ಉಳಿಯುವುದು.