ಕ್ರೈಸ್ತರಲ್ಲಿ ವಿಗ್ರಹಾರಾಧನೆ ಇದೆಯೇ?

ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವ ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ನಮ್ಮವರಲ್ಲಿಯೂ ಅನೇಕರು ಹೋಗಿ ಬರುತ್ತಾರೆ. ಗುಡ್ಡದ ದಾರಿಯುದ್ದಕ್ಕೂ ಮೇಣದ ಕೈ, ಕಾಲು, ಮಗು, ಮನೆ ಮಾರುವ ಅಂಗಡಿಗಳನ್ನು ನೀವೂ ಕಂಡಿರಬಹುದು. ಕಾಲುನೋವಿನವರು ಮೇಣದ ಕಾಲನ್ನು, ಮನೆ ಬೇಕೆನ್ನುವವರು ಮೇಣದ ಮನೆಯನ್ನು ಮೇರಿ ಮಾತೆಗೆ ಒಪ್ಪಿಸುತ್ತಾರೆ. ನಮ್ಮೂರಿನ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಹರಕೆ ಒಪ್ಪಿಸುವ ಹಾಗೆಯೇ!

ಇದನ್ನು ಕಂಡು, "ವಿಗ್ರಹಪೂಜೆ ಪಾಪವೆಂದು ಇವರ ಗ್ರಂಥವೇ ಹೇಳುತ್ತದಲ್ಲ, ಮತ್ತೆ ಇದೇನು?" ಎಂದು ಕೇಳುವವರುಂಟು. ಅತ್ತ, ನಮ್ಮದನ್ನು ಬರೀ ಕಲ್ಲಿನ ಪೂಜೆ ಎಂದು ಹಗುರವಾಗಿ ಕಾಣುವವರೂ ಉಂಟು. ಒಂದೇ ಕಟ್ಟಡದಲ್ಲಿ ಗೋಡೆಗೆ ಗೋಡೆ ತಾಗಿ ಬದುಕುವ ಮುಂಬಯಿಯಲ್ಲಿ ಇಂಥ ಮಾತಿನಿಂದ ಮನಸ್ಸು ಮುರಿಯುವ ಮೊದಲು, ಬೈಬಲ್ ಏನು ಹೇಳುತ್ತದೆಂದು ತಿಳಿಯುವುದು ಒಳ್ಳೆಯದಲ್ಲವೇ?

ವಿಗ್ರಹ ಮಾಡಿ ಅಡ್ಡಬೀಳಬಾರದೆಂಬುದು ಸೀನಾಯಿ ಬೆಟ್ಟದಲ್ಲಿ ಮೋಶೆಗೆ ದೊರೆತ ಹತ್ತು ಆಜ್ಞೆಗಳಲ್ಲಿ ಸೇರಿದೆ. ಮೋಶೆ 40 ದಿನ ಬೆಟ್ಟದ ಮೇಲೆ ಉಳಿದಾಗ ಕೆಳಗಿದ್ದ ಜನ ಕಾದು ಬೇಸತ್ತರು. ಅವನ ಅಣ್ಣ ಆರೋನ, ಅವರ ಹೆಂಡಿರು ಮಕ್ಕಳ ಕಿವಿಯ ಓಲೆಗಳನ್ನು ತರಿಸಿ, ಕರಗಿಸಿ, ಚಿನ್ನದ ಕರುವೊಂದನ್ನು ಮಾಡಿಕೊಟ್ಟ. ಇಳಿದು ಬಂದ ಮೋಶೆ ಅದನ್ನು ಸುಟ್ಟು, ಅರೆದು ಪುಡಿ ಮಾಡಿ, ನೀರಿಗೆ ಬೆರೆಸಿ ಅವರಿಗೇ ಕುಡಿಸಿದ.

ಈ ಕಥೆ ಪ್ರಸಿದ್ಧ. ಅದೇ ಬೈಬಲಿನ ಇನ್ನೊಂದು ಕಥೆ ಅಷ್ಟು ಪ್ರಸಿದ್ಧವಲ್ಲ. ಮರುಭೂಮಿಯಲ್ಲಿ ಸರ್ಪಗಳು ಕಚ್ಚಿ ಜನ ಸಾಯುತ್ತಿದ್ದಾಗ, ತಾಮ್ರದ ಸರ್ಪವೊಂದನ್ನು ಮಾಡಿ ಕಂಬಕ್ಕೆ ಏರಿಸಲು ದೇವರೇ ಮೋಶೆಗೆ ಹೇಳಿದ. ಅದನ್ನು ನೋಡಿದವರು ಬದುಕಿದರು. ಆದರೆ ಶತಮಾನಗಳು ಕಳೆದ ಮೇಲೆ ಜನ ಆ ಸರ್ಪಕ್ಕೇ ಧೂಪ ಹಾಕತೊಡಗಿದರು. ಆಗ ಹಿಜ್ಕೀಯನೆಂಬ ರಾಜ ಅದನ್ನು ಒಡೆದು ಹಾಕಿಸಿದ. ಮೂರ್ತಿ ಒಂದೇ. ದೇವರ ಕಡೆಗೆ ದೃಷ್ಟಿ ಹೊರಳಿಸಿದಾಗ ಅದು ಜೀವ ಉಳಿಸಿತು. ದೃಷ್ಟಿ ತನ್ನಲ್ಲೇ ನಿಂತಾಗ ವಿಗ್ರಹವಾಯಿತು.

ಈ ಆಜ್ಞೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಪಾಲಿಸುತ್ತಾರೆ. 1796ರಲ್ಲಿ ಸ್ಥಾಪನೆಯಾದ ಮಸ್ಜಿದ್ ಬಂದರಿನ ಯೆಹೂದ್ಯರ ಪ್ರಾರ್ಥನಾ ಮಂದಿರದಲ್ಲಿ ಮೂರ್ತಿಗಳಿಲ್ಲ. ಕ್ರೈಸ್ತರಲ್ಲೂ ಈ ಕುರಿತು ಬಹಳ ಜಗಳವಾಗಿ, 787ರ ನೈಸಿಯಾ ಸಭೆಯಲ್ಲಿ ಒಂದು ತೀರ್ಮಾನವಾಯಿತು: ಆರಾಧನೆ ದೇವರೊಬ್ಬನಿಗೇ, ಮೂರ್ತಿಗೆ ಸಲ್ಲುವುದು ಗೌರವ ಮಾತ್ರ, ಆ ಗೌರವ ಮೂರ್ತಿಯ ಹಿಂದಿರುವ ವ್ಯಕ್ತಿಗೆ ಮುಟ್ಟುತ್ತದೆ. ಕ್ಯಾಥೊಲಿಕರು ಇದನ್ನೇ ನಂಬುತ್ತಾರೆ. 16ನೇ ಶತಮಾನದಲ್ಲಿ ಬೇರೆಯಾದ ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರಿಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮ ಮಂಗಳೂರನ್ನೇ ನೋಡಿ: ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಚಾವಣಿಯ ತುಂಬ ಸಂತರ ಚಿತ್ರಗಳು, 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಕಟ್ಟಿದ ಇಗರ್ಜಿಗಳಲ್ಲಿ ಮೂರ್ತಿಗಳೇ ಇಲ್ಲ.

ಮೌಂಟ್ ಮೇರಿಯ ಮೂರ್ತಿಗೂ ಒಂದು ಕಥೆಯಿದೆ. 1700ರಲ್ಲಿ ಕಡಲುಗಳ್ಳರು ನುಗ್ಗಿ ಅದರ ಬಲಗೈಯನ್ನು ಕತ್ತರಿಸಿದರಂತೆ. ಆದರೂ ಭಕ್ತರು ಬರುವುದು ನಿಲ್ಲಲಿಲ್ಲ. ಕೈ ಹೋದದ್ದು ಮರದ ಮೂರ್ತಿಯದು, ಮಾತೆಯದಲ್ಲ ಎಂದು ಅವರಿಗೆ ತಿಳಿದಿತ್ತು. ಗಣೇಶನನ್ನು ಹನ್ನೊಂದು ದಿನ ಪೂಜಿಸಿ ಗಿರ್ಗಾಂವ್ ಚೌಪಾಟಿಯಲ್ಲಿ ನೀರಿಗೆ ಬಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಹೊಸ ಒಡಂಬಡಿಕೆಯಲ್ಲಿ, ಕೊಲೊಸ್ಸೆಯವರಿಗೆ ಬರೆದ ಪತ್ರವು ದುರಾಶೆಯನ್ನೇ ವಿಗ್ರಹಾರಾಧನೆ ಎಂದು ಕರೆಯುತ್ತದೆ. ಚಿನ್ನದ ಕರು ನಮ್ಮ ಓಲೆಗಳಿಂದಲೇ ಹುಟ್ಟುವುದೆಂಬುದನ್ನು ಮರೆಯಬಾರದು. ಈ ನಗರದಲ್ಲಿ ಹಣಕ್ಕೆ, ಫ್ಲಾಟಿಗೆ, ಹುದ್ದೆಗೆ ಅಡ್ಡಬಿದ್ದವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಆದ್ದರಿಂದ ಓದುಗ ಬಂಧುಗಳೇ, ನೆರೆಮನೆಯವರು ಯಾವ ಮೂರ್ತಿಯ ಮುಂದೆ ದೀಪ ಹಚ್ಚುತ್ತಾರೆಂದು ಇಣುಕಿ ನೋಡುವ ಬದಲು, ನಮ್ಮ ಮನಸ್ಸು ಯಾವುದರ ಮುಂದೆ ಬಾಗಿದೆಯೆಂದು ನೋಡಿಕೊಳ್ಳೋಣ. ಮೋಶೆಯ ಆಜ್ಞೆ ನಮಗೂ ಉಪಯೋಗಕ್ಕೆ ಬರುವುದು ಅಲ್ಲಿಯೇ.